ಡ್ರೈವರ್‌ಗೂ ಒಂದು ರೂಮು ಹಿಡಿಯಿರಿ

ಬೆಳಗಿನ ಐದಕ್ಕೆ ಫೋನ್ ಬಂತೆಂದರೆ ಅರ್ಧ ಸುದ್ದಿ ನನಗೆ ಮೊದಲೇ ಗೊತ್ತಿರುತ್ತದೆ. ಹೆದ್ದಾರಿ, ನಿಂತಿದ್ದ ಲಾರಿ, ಅದಕ್ಕೆ ಹಿಂದಿನಿಂದ ಗುದ್ದಿದ ಟಿಟಿ ಇಲ್ಲವೇ ಕ್ರೂಸರ್, ಒಳಗೆ ದೇವರಿಗೆ ಹೋಗಿ ಬರುತ್ತಿದ್ದ ಒಂದೇ ಮನೆಯವರು. ‘ಚಾಲಕನ ಅಜಾಗರೂಕತೆಯೇ ಕಾರಣ’ ಎಂದು ನಾನೂ ಬರೆದು ಕಳಿಸುತ್ತಿದ್ದೆ. ಈಗ ಆ ಸಾಲು ಬರೆಯಲು ಕೈ ಬರುವುದಿಲ್ಲ.

ಹೋದ ವರ್ಷ ನಮ್ಮ ಮನೆಯವರೇ 12 ಮಂದಿ ಟಿಟಿ ಮಾಡಿಕೊಂಡು ತಿರುಪತಿಗೆ ಹೋದೆವು. ರಾತ್ರಿ ಊಟ ಮಾಡಿ ಹೊರಟರೆ ಒಂದು ರಾತ್ರಿಯ ಲಾಡ್ಜ್ ಖರ್ಚು ಉಳಿಯುತ್ತದೆ ಎಂಬುದು ಕಾಕಾನ ಲೆಕ್ಕ. ಮುಟ್ಟಿದ ಮೇಲೆ ನಾವು ರೂಮು ಹಿಡಿದು ಸ್ನಾನ ಮಾಡಿ, ಸ್ವಲ್ಪ ಅಡ್ಡಾಗಿ, ದರ್ಶನಕ್ಕೆ ಹೋದೆವು. ಡ್ರೈವರ್ ಬಿಸಿಲಿಗೆ ಕಾದ ಗಾಡಿಯಲ್ಲೇ ನಮ್ಮ ಬ್ಯಾಗು ಕಾಯುತ್ತ ಕೂತಿದ್ದ. ರಾತ್ರಿ ಮತ್ತೆ ಅವನೇ ಹೊಡೆಯಬೇಕು.

ಬೆಳಗಿನ ಜಾವ ಮೂರೂವರೆ. ಮುಂದಿನ ಸೀಟಿನಲ್ಲಿದ್ದೆ. ಗಾಡಿ ಮೆಲ್ಲಗೆ ಡಿವೈಡರ್ ಕಡೆಗೆ ಸರಿಯುತ್ತಿತ್ತು. ಕೂಗಿದೆ. ಹೇಗೋ ತಪ್ಪಿತು. ಅವನು ಇಳಿದು ಮುಖ ತೊಳೆದುಕೊಂಡ. ಹಿಂದಿನಿಂದ ಕಾಕಾ, “ಇನ್ನೇನ್ ತಮ್ಮಾ, ಎರಡು ತಾಸಿನ ದಾರಿ, ಮುಟ್ಟಿಸಿಬಿಡು” ಅಂದರು. ಪೇಪರಿನವನಾದ ನಾನೂ ಸುಮ್ಮನೆ ಕೂತೆ. ಅವತ್ತು ಗುದ್ದಿದ್ದರೆ ಬೇರೊಬ್ಬ ವರದಿಗಾರ ಬಂದು ಅದೇ ಸಾಲು ಬರೆಯುತ್ತಿದ್ದ.

ಬಾಡಿಗೆ ಡ್ರೈವರ್ ಇಲ್ಲ ಅನ್ನಲಾರ. ಅಂದರೆ ಮುಂದಿನ ಬಾಡಿಗೆ ಬೇರೆಯವನಿಗೆ. ದಿನಕ್ಕೆ 8 ತಾಸು ಕೆಲಸ, 5 ತಾಸಿಗೊಮ್ಮೆ ಅರ್ಧ ತಾಸು ವಿಶ್ರಾಂತಿ ಎಂದು 1961ರಲ್ಲೇ ಕಾಯ್ದೆ ಬಂತು. ಅದರ ಪ್ರಕಾರ ಲೆಕ್ಕ ಹಾಕಿ ನೋಡಿ. ಬೆಂಗಳೂರಿನಿಂದ ಕಾಶಿಗೆ 1,700 ಕಿ.ಮೀ. ಮೇಲಾಗುತ್ತದೆ. ತಾಸಿಗೆ ಸರಾಸರಿ 50 ಎಂದರೂ ದಿನಕ್ಕೆ 400. ಹೋಗುವುದಕ್ಕೇ ನಾಲ್ಕು ದಿನ ಸಾಲದು. ಕಾಶಿ, ಪ್ರಯಾಗ, ಅಯೋಧ್ಯೆ ಎಲ್ಲ ಎಂಟೇ ದಿನದಲ್ಲಿ ಮುಗಿಸಿ ಬಂದೆವು ಎಂದು ಕಟ್ಟೆಯ ಮೇಲೆ ಹೇಳಿಕೊಳ್ಳುವವರು ನಮ್ಮೂರಲ್ಲೂ ಇದ್ದಾರೆ. ಆ ಎಂಟು ದಿನ ಡ್ರೈವರ್ ಎಲ್ಲಿ ಮಲಗಿದ್ದ ಎಂದು ಯಾರೂ ಕೇಳುವುದಿಲ್ಲ. ಅಷ್ಟು ದೂರಕ್ಕೆ ಇಬ್ಬರು ಡ್ರೈವರ್ ಬೇಕು, ಇಲ್ಲವೇ ದಿನ ಹೆಚ್ಚು ಬೇಕು.

ಹಾಗೆಯೇ, ಪರಿಚಯದವರದ್ದು ಅಗ್ಗ ಎಂದು ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಒಯ್ಯಬೇಡಿ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಹೆದ್ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಎಲ್ಲರೂ ಇಳಿದು ರಸ್ತೆ ಬಿಟ್ಟು ದೂರ ನಿಂತು, 1033ಕ್ಕೆ ಫೋನ್ ಮಾಡಿ.

ಮುಂದಿನ ತಿಂಗಳು ಅವ್ವನನ್ನು ಪಂಢರಪುರಕ್ಕೆ ಕರೆದುಕೊಂಡು ಹೋಗಬೇಕು. ಬೆಳಿಗ್ಗೆ ಆರಕ್ಕೆ ಹೊರಡೋಣ, ಡ್ರೈವರ್‌ಗೂ ಒಂದು ರೂಮು ಹಿಡಿಯೋಣ ಎಂದಿದ್ದೇನೆ. ತಲೆಗೆ 150 ರೂಪಾಯಿ ಹೆಚ್ಚಾಗುತ್ತದೆ ಎಂದು ಕಾಕಾ ಇನ್ನೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ.