ಪರೀಕ್ಷೆಯೋ, ಪರಿಹಾಸವೋ?

ಟೆಲಿವಿಷನ್ನಿನ ‘ರಿಯಾಲಿಟಿ ಷೋ’ಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಿ, ಎಲ್ಲವೂ ತುಚ್ಛವೆಂದು ತಳ್ಳಿಬಿಡುವುದು ವಿದ್ಯಾವಂತರ ಮನೆಗಳಲ್ಲಿ ರೂಢಿಯಾಗಿದೆ. ಇದು ಸುಲಭವಾದ ತೀರ್ಪು, ನ್ಯಾಯವಾದ ತೀರ್ಪಲ್ಲ. ಮನುಷ್ಯನ ಗುಣವನ್ನು ಬೆಳಕಿಗೆ ತರುವ ಕಾರ್ಯಕ್ರಮಗಳುಂಟು. ಅವನ ಮಾನವನ್ನು ಹರಾಜಿಗಿಡುವ ಕಾರ್ಯಕ್ರಮಗಳೂ ಉಂಟು. ಹೆಸರು ಒಂದೇ ಆದ ಮಾತ್ರಕ್ಕೆ ಇವೆರಡೂ ಒಂದೇ ಆಗಲಾರವು.

ಎರಡನೆಯ ಬಗೆಗೆ ಇಂಗ್ಲೆಂಡಿನ ‘ಜೆರೆಮಿ ಕೈಲ್ ಷೋ’ ಸ್ಪಷ್ಟವಾದ ನಿದರ್ಶನ. 2005ರಲ್ಲಿ ಐಟಿವಿ ವಾಹಿನಿಯಲ್ಲಿ ಪ್ರಾರಂಭವಾದ ಈ ಕಾರ್ಯಕ್ರಮದಲ್ಲಿ ಗಂಡಹೆಂಡಿರ ಸಂಶಯ, ತಂದೆಮಕ್ಕಳ ಜಗಳ ಮೊದಲಾದ ಮನೆಯೊಳಗಿನ ಸಂಕಟಗಳನ್ನು ಸಭೆಯ ಮುಂದೆ ಎಳೆತಂದು, ಸುಳ್ಳುಪತ್ತೆಯ ಪರೀಕ್ಷೆಯ ಫಲವನ್ನು ಎಲ್ಲರೆದುರು ಓದಿಹೇಳುತ್ತಿದ್ದರು. 2007ರಲ್ಲಿ ಮ್ಯಾಂಚೆಸ್ಟರಿನ ನ್ಯಾಯಾಧೀಶರೊಬ್ಬರು ಇದನ್ನು, ಕಟ್ಟಿಹಾಕಿದ ಕರಡಿಯ ಮೇಲೆ ನಾಯಿಗಳನ್ನು ಛೂಬಿಟ್ಟು ನೋಡುವ ಹಳೆಯ ಆಟಕ್ಕೆ ಹೋಲಿಸಿದರು. ಆ ಆಟವನ್ನು ಬ್ರಿಟಿಷ್ ಪಾರ್ಲಿಮೆಂಟು 1835ರಲ್ಲಿಯೇ ನಿಷೇಧಿಸಿತ್ತು. ಮೃಗಕ್ಕೆ ಎಂದೋ ದೊರೆತ ರಕ್ಷಣೆ ಮನುಷ್ಯನಿಗೆ ತಡವಾಗಿ ದೊರೆಯಿತು: ಭಾಗವಹಿಸಿದ್ದವನೊಬ್ಬನ ಮರಣಾನಂತರ, 2019ರ ಮೇ ತಿಂಗಳಿನಲ್ಲಿ ಕಾರ್ಯಕ್ರಮವು ನಿಂತಿತು.

ಇದರ ಎದುರಿಗೆ ಕನ್ನಡಿಗರ ನೆನಪಿನಲ್ಲಿರುವ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮವನ್ನಿಟ್ಟು ನೋಡಬೇಕು. ಈಟಿವಿ ಕನ್ನಡದಲ್ಲಿ ಅದನ್ನು ನಡೆಸಿಕೊಟ್ಟವರು, 2020ರಲ್ಲಿ ದಿವಂಗತರಾದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು. ಅಲ್ಲಿಯೂ ಸ್ಪರ್ಧೆಯಿತ್ತು, ಸೋಲಿತ್ತು, ಕಣ್ಣೀರೂ ಇತ್ತು. ಆದರೆ ಶ್ರುತಿ ಜಾರಿದರೆ ಅದು ಜಾರಿದ ಎಡೆಯನ್ನು ಅವರು ತಾವೇ ಹಾಡಿ ತೋರಿಸುತ್ತಿದ್ದರು. ಉಚ್ಚಾರಣೆ ತಪ್ಪಿದರೆ ತಿದ್ದುತ್ತಿದ್ದರು. ಹಾಡನ್ನು ಬರೆದ ಕವಿಯನ್ನೂ ಅದಕ್ಕೆ ಸಂಗೀತ ಕೂಡಿಸಿದವರನ್ನೂ ಸ್ಮರಿಸುತ್ತಿದ್ದರು. ಸೋತವನೂ ಬರುವಾಗ ಇಲ್ಲದಿದ್ದ ಒಂದು ತಿಳಿವನ್ನು ಪಡೆದು ಹಿಂದಿರುಗುತ್ತಿದ್ದನು. ಕೇಳುತ್ತಿದ್ದ ಮನೆಮಂದಿಯ ಕಿವಿಯೂ ಹದಗೊಳ್ಳುತ್ತಿತ್ತು.

ಪ್ರತಿಭಾಸ್ಪರ್ಧೆಗಳಲ್ಲಿ ಅವಮಾನವಿಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಇಲ್ಲವೆನ್ನುವಂತಿಲ್ಲ. 2002ರಲ್ಲಿ ಮೊದಲಾದ ‘ಅಮೆರಿಕನ್ ಐಡಲ್’ನಲ್ಲಿ, ಹಾಡಲು ಬಾರದವರನ್ನೂ ಬೇಕೆಂದೇ ಆಯ್ದು ತೀರ್ಪುಗಾರರ ಮುಂದೆ ನಿಲ್ಲಿಸಿ ನಗೆಗೆ ಗುರಿಮಾಡುತ್ತಿದ್ದರು. ಆದರೆ ಇದು ಸ್ಪರ್ಧೆಯ ಸ್ವಭಾವವಲ್ಲ, ಅದಕ್ಕೆ ಬೆರಸಿದ ಕಲಬೆರಕೆ. 2010ರಲ್ಲಿ ನೆದರ್ಲೆಂಡ್ಸಿನಲ್ಲಿ ಹುಟ್ಟಿದ ‘ದ ವಾಯ್ಸ್’ ಕಾರ್ಯಕ್ರಮವು ಮೊದಲ ಸುತ್ತಿನಲ್ಲಿ ತೀರ್ಪುಗಾರರನ್ನು ಗಾಯಕನಿಗೆ ಬೆನ್ನುಮಾಡಿ ಕೂರಿಸಿತು. ರೂಪ, ಉಡುಪು, ವಯಸ್ಸು ಯಾವುದೂ ಕಾಣದು, ಕಂಠವೊಂದೇ ಕೇಳಿಸುವುದು. ವ್ಯವಸ್ಥೆಯನ್ನು ಬದಲಿಸಿದರೆ ನೋಡುವ ದೃಷ್ಟಿಯೂ ಬದಲಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಾಗೆಂದು ತೀರ್ಪುಗಾರನು ಹೊಗಳುಭಟ್ಟನಾಗಬೇಕಾದುದಿಲ್ಲ. ಗುರುವಿನ ಮಾತು ಕಠಿನವಾಗಿರಬಹುದು. ತಪ್ಪನ್ನು ಖಂಡಿಸುವುದು ವಿಮರ್ಶೆಯ ಧರ್ಮವೇ ಸರಿ. ತಪ್ಪಿದವನನ್ನೇ ನಗೆಯ ಸರಕಾಗಿ ಮಾರುವುದು ಮಾತ್ರ ವ್ಯಾಪಾರ.

ಜನರು ಬಯಸುವುದನ್ನೇ ಕೊಡುತ್ತೇವೆಂಬುದು ವಾಹಿನಿಗಳ ಸಮಜಾಯಿಷಿ. ಕರಡಿಯ ಆಟಕ್ಕೂ ಜನ ಕಿಕ್ಕಿರಿದು ನೆರೆಯುತ್ತಿದ್ದರು. ಅದರಿಂದ ಆ ಆಟ ಒಳ್ಳೆಯದಾಗಲಿಲ್ಲ. ರುಚಿಯು ಹುಟ್ಟಿನಿಂದ ಬಂದುದಲ್ಲ, ಅಭ್ಯಾಸದಿಂದ ಬೆಳೆಯತಕ್ಕದ್ದು. ಸಂಜೆ ಮನೆಯ ನಡುವೆ ಕುಳಿತ ಮಕ್ಕಳು ಆ ಅಭ್ಯಾಸವನ್ನು ಮಾಡುತ್ತಲೇ ಇರುತ್ತಾರೆ. ಆದುದರಿಂದ ಹಿರಿಯರು ಕಾರ್ಯಕ್ರಮ ಮುಗಿದಾಗ ಗೆದ್ದವರಾರು ಎಂದಷ್ಟೇ ಕೇಳಿದರೆ ಸಾಲದು. ಸೋತವನು ಏನನ್ನು ಪಡೆದು ಮನೆಗೆ ಹೋದನೆಂದೂ ಕೇಳಬೇಕು. ಕೊಟ್ಟು ಕಳುಹಿಸಿದ್ದು ಅವಮಾನವೊಂದೇ ಆಗಿದ್ದರೆ, ಅಂಥ ಕಾರ್ಯಕ್ರಮಕ್ಕೆ ಮನೆಯೊಳಗೆ ಎಡೆಗೊಡದಿರುವುದೇ ವಿವೇಕ.