ಮಂಗಳೂರಿನ ನೀರು, ನಮ್ಮ ತೋಡಿನ ಕಟ್ಟ

ಮಂಗಳೂರು ಪೇಟೆಗೂ ನಮಗೂ ಏನು ಸಂಬಂಧವೆಂದು ಕೇಳಿದರೆ ನಮ್ಮ ಬೆಳೆಗಾರ ಬಂಧುಗಳಲ್ಲಿ ಹೆಚ್ಚಿನವರು ಅಡಿಕೆಯ ಧಾರಣೆ, ಕಾಫಿಯ ರಫ್ತು, ಬಂದರು ಎಂದಷ್ಟೇ ಹೇಳಿಯಾರು. ಅದು ಸರಿಯೇ. ಆದರೆ ಅದಕ್ಕಿಂತ ಹಿರಿದಾದ ನಂಟು ನೀರಿನದು. ಅದರ ಲೆಕ್ಕವನ್ನು ಪೇಟೆಯವರೂ ಇಟ್ಟಿಲ್ಲ, ನಾವೂ ಇಟ್ಟಿಲ್ಲ.

ಊರಿನ ನೆಲೆಯನ್ನೊಮ್ಮೆ ನೋಡಬೇಕು. ತೆಂಕಿನಿಂದ ನೇತ್ರಾವತಿ, ಬಡಗಿನಿಂದ ಗುರುಪುರ ಹೊಳೆ ಬಂದು, ಬೆಂಗ್ರೆಯ ಮರಳುದಿಣ್ಣೆಯ ಹಿಂದೆ ಕೂಡಿ, ಒಂದೇ ಅಳಿವೆಯಲ್ಲಿ ಕಡಲಿಗಿಳಿಯುತ್ತವೆ. ನಡುವೆ ಮುರಕಲ್ಲಿನ ಗುಡ್ಡಗಳ ಮೇಲೆ ಪೇಟೆ. ಅಳಿವೆಯಲ್ಲಿ ಆಳ ಸಾಲದೆ ದೊಡ್ಡ ಹಡಗುಗಳು ಹೊರಗಡಲಲ್ಲೇ ನಿಲ್ಲಬೇಕಾಗಿದ್ದುದರಿಂದಲೇ ಪಣಂಬೂರಿನಲ್ಲಿ ನೆಲ ತೋಡಿ ಹೊಸ ಬಂದರು ಮಾಡಿದ್ದು. 1974ರಲ್ಲಿ ಅದು ಪ್ರಮುಖ ಬಂದರೆಂದು ಘೋಷಿತವಾಯಿತು. ಮೂಡಕ್ಕೆ ತಿರುಗಿದರೆ 1,890 ಮೀಟರು ಎತ್ತರದ ಕುದುರೆಮುಖವು ನೇರ ಅಳತೆಯಲ್ಲಿ 60 ಕಿ.ಮೀ. ದೂರವೂ ಇಲ್ಲ. ಇಷ್ಟು ಕಿರಿದಾದ, ಇಷ್ಟು ಇಳಿಜಾರಾದ ನೆಲದ ಮೇಲೆ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ನೇತ್ರಾವತಿಯ ಉದ್ದವೋ ಸುಮಾರು 100 ಕಿ.ಮೀ. ಘಟ್ಟದಲ್ಲಿ ಬಿದ್ದ ನೀರು ಕಡಲು ಸೇರಲು ಹೆಚ್ಚು ದಿನ ಬೇಡ.

ಏಪ್ರಿಲ್ ಬಂತೆಂದರೆ ಅದೇ ಹೊಳೆಯಲ್ಲಿ ಬಂಡೆಗಳು ಕಾಣುತ್ತವೆ. ಸಿಹಿನೀರಿನ ಒತ್ತು ಕುಗ್ಗಿದಂತೆ ಭರತದ ಉಪ್ಪುನೀರು ಅಳಿವೆಯಿಂದ ಒಳಕ್ಕೇರುತ್ತದೆ. ಪೇಟೆ ನೆಚ್ಚಿರುವುದು ತುಂಬೆಯ ಕಿಂಡಿ ಅಣೆಕಟ್ಟನ್ನು. 2019ರ ಬೇಸಗೆಯಲ್ಲಿ ಅಲ್ಲಿ ನೀರು ತಗ್ಗಿ, ನಗರಕ್ಕೆ ಸರದಿಯ ಮೇಲೆ ಬಿಡಬೇಕಾಯಿತು. ಇಂತಹ ವರ್ಷಗಳಲ್ಲಿ ತೋಟದ ಪಂಪುಗಳನ್ನು ನಿಲ್ಲಿಸಿರೆಂಬ ಮಾತು ತಾನಾಗಿ ಏಳುತ್ತದೆ. ಕುಡಿಯುವ ನೀರಿನ ಎದುರು ಅಡಿಕೆಯ ವಾದ ನಿಲ್ಲಲಾರದು.

ನಮ್ಮ ಖರ್ಚೂ ಸಣ್ಣದೇನಲ್ಲ. ಬುಡಕ್ಕೆ ನೀರು ಹಾಯಿಸುವ ಪದ್ಧತಿಯಲ್ಲಿ ಮರವೊಂದಕ್ಕೆ ಒಂದು ಸಲಕ್ಕೆ 175 ಲೀಟರ್ ಬೇಕೆಂಬುದು ಶಿಫಾರಸು. ಹೆಕ್ಟೇರಿಗೆ 1,300 ಮರ ಹಿಡಿದರೆ ಸಲಕ್ಕೆ 2,27,500 ಲೀಟರ್! ಬಿರು ಬೇಸಗೆಯಲ್ಲಿ ಇದು ಮೂರರಿಂದ ಐದು ದಿನಗಳಿಗೊಮ್ಮೆ. ಹನಿ ನೀರಾವರಿಯಿಂದ ಬಹಳ ಉಳಿಯುತ್ತದೆ, ನಿಜ. ಆದರೆ ತೋಡಿನಲ್ಲೇ ನೀರಿಲ್ಲದಿದ್ದರೆ ಹನಿಸುವುದಾದರೂ ಏನನ್ನು?

ಹಿರಿಯರು ಇದಕ್ಕೆ ಮಾಡಿಕೊಂಡಿದ್ದ ಉಪಾಯವೇ ಕಟ್ಟ. ಮಳೆಗಾಲ ಮುಗಿದು ತೋಡಿನ ಹರಿವು ಇಳಿದ ಮೇಲೆ ಕಲ್ಲು, ಮಣ್ಣು, ಸೊಪ್ಪು ಸೇರಿಸಿ ಅಡ್ಡಗಟ್ಟುವುದು. ಮುಂದಿನ ಮಳೆಗೆ ಅದು ಕೊಚ್ಚಿಹೋದರೂ ಚಿಂತೆಯಿಲ್ಲ. ನಿಂತ ನೀರು ಎರಡೂ ದಡಗಳಿಗೆ ಇಂಗಿ ಬಾವಿಗಳನ್ನು ಏರಿಸುತ್ತದೆ, ಉಳಿದದ್ದು ಒಸರಾಗಿ ಮೆಲ್ಲನೆ ಹೊಳೆಗೆ ಬರುತ್ತದೆ. ಕೊಳವೆ ಬಾವಿ ಬಂತು, ಕೂಲಿ ಏರಿತು, ಕಟ್ಟ ಹೆಚ್ಚಿನ ಕಡೆ ಮರೆಯಿತು. ಕಾಸರಗೋಡಿನ ಏತಡ್ಕದ ಕೃಷಿಕರು ಮಾತ್ರ ಇದನ್ನು ಬಿಡದೆ ಉಳಿಸಿಕೊಂಡು ಬಂದರು. ಸರಕಾರದ ಕಿಂಡಿ ಅಣೆಕಟ್ಟುಗಳಿವೆಯಲ್ಲ ಎನ್ನುವವರು, ಎಷ್ಟು ಕಡೆ ಹೊತ್ತಿಗೆ ಸರಿಯಾಗಿ ಹಲಗೆ ಹಾಕುತ್ತಾರೆಂದು ನೋಡಿ ಬರಲಿ.

ಕಾಫಿಯವರಿಗೆ ಇದರಲ್ಲೇನು ಎಂಬ ಪ್ರಶ್ನೆ ಬಂದೀತು. ಸಕಲೇಶಪುರದ ಕಡೆಯ ತೋಟಗಳ ನೀರು ಹೆಚ್ಚಾಗಿ ಹೇಮಾವತಿಗೆ, ಮೂಡಣಕ್ಕೆ ಹರಿಯುತ್ತದೆ. ಆದರೆ ಘಟ್ಟದ ಅಂಚಿನ ಹಳ್ಳಗಳು ಪಡುವಣಕ್ಕೇ ಇಳಿಯುತ್ತವೆ. ಹೂಮಳೆ ತಡವಾದ ವರ್ಷ ಅವುಗಳಿಂದ ಸ್ಪ್ರಿಂಕ್ಲರ್ ಹಾರಿಸುವಾಗ ಕೆಳಗಿನವರ ನೆನಪೂ ಇರಬೇಕು.

ಬೋರ್ಡೋ ದ್ರಾವಣದ ಮೈಲುತುತ್ತನ್ನು ಒಟ್ಟಾಗಿ ತರಿಸಿ ಹಂಚುವಂತೆ, ಕಟ್ಟಕ್ಕೆ ಬೇಕಾದ ಪ್ಲಾಸ್ಟಿಕ್ ಶೀಟನ್ನೂ ಮರಳು ತುಂಬುವ ಚೀಲಗಳನ್ನೂ ಸಹಕಾರಿ ಸಂಘವು ಅಸಲು ಬೆಲೆಗೆ ಒದಗಿಸಬಾರದೇಕೆ? ಈ ವಿಷಯ ಮುಂದಿನ ಮಹಾಸಭೆಗೆ ಬರಲಿ. ಒಂದು ತೋಡಿಗೆ ಒಬ್ಬರೇ ಕಟ್ಟ ಹಾಕಿದರೆ ಸಾಲದು. ಮೇಲಿನವರೂ ಕೆಳಗಿನವರೂ ಮಾತಾಡಿಕೊಂಡು ಸಾಲಾಗಿ ಹಾಕಬೇಕು. ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನೊಳಗೆ ಕೆಲಸ ಮುಗಿಯಬೇಕು. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಜನವರಿಗೆ ತಳ್ಳಿದರೆ ಹಿಡಿದಿಡಲು ಬೇಕಾದ ನೀರು ಆಗಲೇ ಉಳ್ಳಾಲ ದಾಟಿರುತ್ತದೆ.