ನಂದಿ ಹತ್ತಿ ಬಂದ್ರಿ, ನದಿ ನೋಡಿದ್ರಾ?

ಭಾನುವಾರ ಬೆಳಗ್ಗೆ ಐದು ಗಂಟೆಗೆ ಹೆಬ್ಬಾಳದಿಂದ ಯಲಹಂಕದ ಕಡೆ ಹೊರಟ ಸೈಕಲ್‌ಗಳನ್ನು ಎಣಿಸೋಕೆ ಕೂತ್ರೆ ಬೆರಳು ಸಾಲಲ್ಲ. ಹೆಲ್ಮೆಟ್, ಹಿಂದೆ ಮಿಣಮಿಣ ಕೆಂಪು ಲೈಟು, ಬಾಟಲಿಯಲ್ಲಿ ನೀರು. ಮುಕ್ಕಾಲು ಪಾಲು ಜನರ ಗುರಿ ಒಂದೇ, ನಂದಿಬೆಟ್ಟ. ಏದುಸಿರು ಬಿಡ್ತಾ ಹತ್ತೋದು, ಮಂಜಿನಲ್ಲೊಂದು ಫೋಟೋ, ಇಳಿಯುವಾಗ ಇಡ್ಲಿ-ವಡೆ, ಹತ್ತು ಗಂಟೆಯೊಳಗೆ ಮನೆ. ಆ್ಯಪ್‌ನಲ್ಲಿ ಕಿಲೋಮೀಟರ್ ಲೆಕ್ಕ ಪಕ್ಕಾ.

ಒಳ್ಳೇದೇ. ಆದ್ರೆ ಅದೇ ನಂದಿಯ ಮಡಿಲಲ್ಲಿ ಒಂದು ನದಿ ಹುಟ್ಟುತ್ತೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಅದರ ಹೆಸರು ಅರ್ಕಾವತಿ. ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರ, ಕನಕಪುರ ಹಾದು, ಮೇಕೆದಾಟುವಿಗೆ ಮೊದಲು ಸಿಗುವ ಸಂಗಮದಲ್ಲಿ ಕಾವೇರಿಗೆ ಸೇರುತ್ತೆ. ನಮ್ಮ ಫ್ಲ್ಯಾಟ್‌ಗಳಿಂದ ಅದರ ಕಣಿವೆ ಹೆಚ್ಚು ಕಡಿಮೆ 20 ಕಿಲೋಮೀಟರ್.

ಯುರೋಪಿನಲ್ಲಿ ಡ್ಯಾನ್ಯೂಬ್ ನದಿಯ ದಂಡೆಯ ಮೇಲೆ ಸೈಕಲ್ ಹೊಡೆಯೋಕೆ ನಮ್ಮವರು ರಜೆ ಹಾಕಿ, ವೀಸಾ ಮಾಡಿಸಿ ಹೋಗ್ತಾರೆ. ಅಲ್ಲಿ ನದಿ ಪಕ್ಕದಲ್ಲೇ ಹರೀತಾ ಇರುತ್ತೆ, ದಾರಿ ತಪ್ಪೋ ಪ್ರಶ್ನೆಯೇ ಇಲ್ಲ. ಅರ್ಕಾವತಿ ಹಾಗಲ್ಲ. ಇದನ್ನ ಹುಡುಕಬೇಕು. ಹುಡುಕೋಕೆ ಸೈಕಲ್‌ಗಿಂತ ಒಳ್ಳೆ ಗಾಡಿ ಇಲ್ಲ. ಕಾರಿನಲ್ಲಿ ಕೂತವನಿಗೆ ನೆಲದ ಏರಿಳಿತ ಗೊತ್ತಾಗಲ್ಲ, ಪೆಡಲ್ ತುಳಿಯೋ ಕಾಲಿಗೆ ಗೊತ್ತಾಗುತ್ತೆ. ಒಂದೇ ದಿನದಲ್ಲಿ ಮುಗಿಸೋ ಆತುರ ಬೇಡ, ಮೂರು ಭಾನುವಾರ ಇಟ್ಕೊಳ್ಳಿ.

ಮೊದಲನೇ ಭಾನುವಾರ ಹೆಸರಘಟ್ಟ. ಯಲಹಂಕದಿಂದ ರಾಜಾನುಕುಂಟೆಯವರೆಗೆ ದೊಡ್ಡಬಳ್ಳಾಪುರ ರಸ್ತೆ. ಲಾರಿ ಕಾಟ ಇರೋದ್ರಿಂದ ಬೆಳಕು ಹರಿದ ಕೂಡಲೇ ದಾಟಿಬಿಡಿ. ಅಲ್ಲಿಂದ ಎಡಕ್ಕೆ ತಿರುಗಿ ಕಾಕೋಳು, ಬ್ಯಾತದ ಕಡೆ ಹಳ್ಳಿ ರಸ್ತೆ ಹಿಡಿದರೆ ಸದ್ದು ಅಡಗುತ್ತೆ. ರಾಗಿ ಹೊಲ, ಅವರೆ, ದ್ರಾಕ್ಷಿ ಚಪ್ಪರ, ಅಲ್ಲಲ್ಲಿ ನೀಲಗಿರಿ ತೋಪು. ಈ ದಾರೀಲಿ ಒಂದು ಸಣ್ಣ ಏರು ದಾಟ್ತೀರಿ, ಗಮನಿಸಿ. ಅದು ನೀರು ಇಬ್ಭಾಗವಾಗೋ ದಿಬ್ಬ. ಯಲಹಂಕ ಕೆರೆಗೆ ಬಿದ್ದ ಮಳೆ ಜಕ್ಕೂರು, ರಾಚೇನಹಳ್ಳಿ ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ತಮಿಳುನಾಡಿಗೆ ಹೋಗುತ್ತೆ. ಕಾಕೋಳು ಕಡೆ ಬಿದ್ದ ಮಳೆ ಅರ್ಕಾವತಿಯ ಪಾಲು. ಒಂದು ಗೇರ್ ಬದಲಾಯಿಸೋದ್ರಲ್ಲಿ ನೀವು ಒಂದು ನದಿಯಿಂದ ಇನ್ನೊಂದು ನದಿಗೆ ಬಂದಿರ್ತೀರಿ.

ಹೆಸರಘಟ್ಟದ ಏರಿ ಮೇಲೆ ನಿಂತಾಗ ಒಂದು ವಿಷಯ ನೆನಪಿರಲಿ. ಬೆಂಗಳೂರಿನ ಮನೆಗಳಿಗೆ ಮೊದಲು ನಲ್ಲಿ ನೀರು ಬಂದಿದ್ದು ಇಲ್ಲಿಂದ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಈ ಜಲಾಶಯ ಕಟ್ಟಿದರು. 1896ರಲ್ಲಿ ಊರಿಗೆ ನೀರು ಹರಿಯಿತು. ಇಟ್ಟಿಗೆಯಲ್ಲಿ ಕಟ್ಟಿದ ಕಾಲುವೆಯಲ್ಲಿ ನೀರು ತಾನಾಗೇ ಇಳಿದು ತರಬನಹಳ್ಳಿಗೆ ಬಂದು, ಸೋಲದೇವನಹಳ್ಳಿಯ ಪಂಪುಗಳಿಂದ ಊರಿಗೆ ಏರುತ್ತಿತ್ತು. ಆ ಕಾಲುವೆಯ ಗುರುತು ಇವತ್ತಿಗೂ ಅಲ್ಲಲ್ಲಿ ಕಾಣುತ್ತೆ. ಪಕ್ಕದಲ್ಲೇ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಅಲ್ಲಿಂದ ಬಂದ ತಳಿಗಳ ಹೆಸರೆಲ್ಲ 'ಅರ್ಕಾ' ಅಂತ ಶುರುವಾಗುತ್ತೆ: ಅರ್ಕಾ ರಕ್ಷಕ್ ಟೊಮ್ಯಾಟೊ, ಅರ್ಕಾ ಅನಾಮಿಕಾ ಬೆಂಡೆ. ಕೇಳಿದ್ರೆ ನದಿಯೇ ನೆನಪಾಗುತ್ತೆ.

ಕೆರೆ ಪಕ್ಕದ ಹುಲ್ಲುಗಾವಲು ಫೋಟೋಗೆ ಚೆನ್ನಾಗಿದೆ ಅಂತ ಸೈಕಲ್ ನುಗ್ಗಿಸಬೇಡಿ. ನೆಲದ ಮೇಲೇ ಗೂಡು ಕಟ್ಟೋ ಹಕ್ಕಿಗಳು ಅಲ್ಲಿವೆ. ಅದನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡೋಕೆ ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಡಾಂಬರು ರಸ್ತೆಯಲ್ಲೇ ನಿಂತು ನೋಡಿದ್ರೂ ಕಣ್ತುಂಬ ಕಾಣುತ್ತೆ.

ಎರಡನೇ ಭಾನುವಾರ ಮೇಲಕ್ಕೆ, ಅಂದ್ರೆ ಮಧುರೆ, ದೊಡ್ಡತುಮಕೂರು, ದೊಡ್ಡಬಳ್ಳಾಪುರದ ಕಡೆ. ಇಲ್ಲಿ ನದಿ ಅಂದ್ರೆ ಕೆರೆಗಳ ಸರಮಾಲೆ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಮುಂದಿನ ಕೆರೆಗೆ. ಸೈಕಲ್ ಏರಿ ಹತ್ತುತ್ತೆ, ತೂಬಿನ ಪಕ್ಕ ಇಳಿಯುತ್ತೆ, ಅಚ್ಚುಕಟ್ಟಿನ ಗದ್ದೆ ಬದಿಯಲ್ಲಿ ಸಾಗುತ್ತೆ, ಮತ್ತೆ ಇನ್ನೊಂದು ಏರಿ. ಈ ತಾಳ ಕಾಲಿಗೆ ಹತ್ತಿಬಿಟ್ರೆ ಮ್ಯಾಪ್ ಬೇಕಾಗಲ್ಲ.

ಹೋದ ವರ್ಷ ಈ ಭಾಗದ ಒಂದು ಹಳ್ಳಿಯಲ್ಲಿ ಟೀ ಕುಡಿಯೋಕೆ ನಿಂತಿದ್ದೆ. ಜಗಲಿ ಮೇಲಿದ್ದ ತಾತ ಕೇಳಿದರು, “ಏನಪ್ಪಾ, ಇಷ್ಟೊತ್ತಿಗೇ ಸೈಕಲ್ ತುಳ್ಕೊಂಡು ಎಲ್ಲಿಗೆ?”

“ಹೊಳೆ ನೋಡೋಕೆ ತಾತ. ಅರ್ಕಾವತಿ.”

ಅವರು ನಕ್ಕರು. “ಈಗ ದಾಟ್ಕೊಂಡು ಬಂದ್ಯಲ್ಲ ಮಗಾ, ಆ ಮೋರಿ. ಅದೇ ಹೊಳೆ.”

ತಿರುಗಿ ನೋಡಿದೆ. ಮೋರಿ ಕೆಳಗೆ ಜಾಲಿ ಪೊದೆ, ಒಣ ಮರಳು, ಒಂದು ಎಮ್ಮೆ. ತಾತನ ಹರೆಯದಲ್ಲಿ ಸುಗ್ಗಿ ಮುಗಿದ ಮೇಲೂ ಅಲ್ಲಿ ಮೊಣಕಾಲು ನೀರಿರುತ್ತಿತ್ತಂತೆ. ಮರಳು ತೋಡಿದ್ರೆ ಸಾಕು, ತಲಪರಿಗೆಯಲ್ಲಿ ನೀರು ಉಕ್ಕೋದಂತೆ. “ಈಗ ಸಾವಿರ ಅಡಿ ಬೋರ್ ಕೊರೆಸಿದ್ರೂ ಧೂಳೇ ಬರ್ತದೆ” ಅಂದರು. ಸಿಟ್ಟು ಇರಲಿಲ್ಲ, ಲೆಕ್ಕ ಒಪ್ಪಿಸೋ ಹಾಗೆ ಹೇಳಿದರು.

ಮಳೆ ಕಮ್ಮಿಯಾಯ್ತು, ಅದಕ್ಕೇ ಹೊಳೆ ಬತ್ತಿತು ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ನಮ್ಮ ಜಕ್ಕೂರಿನಲ್ಲೇ ಇರೋ ಏಟ್ರೀ ಸಂಸ್ಥೆಯ ಸಂಶೋಧಕರು ಇದನ್ನ ಕೂಲಂಕಷವಾಗಿ ನೋಡಿ 2015ರಲ್ಲಿ ಪ್ರಕಟಿಸಿದರು. ಅವರ ಪ್ರಕಾರ ಮಳೆಯಾಗಲಿ ಬಿಸಿಲಾಗಲಿ ಇದಕ್ಕೆ ಮುಖ್ಯ ಕಾರಣ ಅಲ್ಲ. ಬೋರ್‌ವೆಲ್‌ಗಳು ಅಂತರ್ಜಲವನ್ನ ಮಿತಿಮೀರಿ ಎತ್ತಿದ್ದು ಮತ್ತು ನೀಲಗಿರಿ ತೋಪುಗಳು ಹೆಚ್ಚಾಗಿದ್ದು ದೊಡ್ಡ ಕಾರಣಗಳು. ಅರ್ಕಾವತಿಯಂಥ ಬಯಲುಸೀಮೆ ಹೊಳೆಗೆ ಹಿಮ ಕರಗಿ ನೀರು ಬರಲ್ಲ. ಮಳೆಗಾಲದಲ್ಲಿ ನೆಲ ಕುಡಿದ ನೀರು ಆಮೇಲೆ ನಿಧಾನಕ್ಕೆ ಜಿನುಗಿ ಹೊಳೆಗೆ ಬಂದರೇ ಅದರ ಜೀವ. ಅಂತರ್ಜಲ ನೂರಾರು ಅಡಿ ಕೆಳಗಿಳಿದ ಮೇಲೆ ಜಿನುಗೋದು ಎಲ್ಲಿಂದ? ಹೊಸದಾಗಿ ನೀಲಗಿರಿ ನೆಡೋದನ್ನ ಸರ್ಕಾರ 2017ರಲ್ಲಿ ನಿಷೇಧಿಸಿತು. ಬೋರ್ ಕೊರೆಯೋದು ನಿಂತಿಲ್ಲ.

ಒಣಗಿದ್ದು ಒಂದು ಕಷ್ಟ. ಇರೋ ನೀರೂ ಕೆಟ್ಟಿರೋದು ಇನ್ನೊಂದು. ದೊಡ್ಡಬಳ್ಳಾಪುರ ನಗರದ ಒಳಚರಂಡಿ ನೀರು, ಕಾರ್ಖಾನೆಗಳ ತ್ಯಾಜ್ಯ ತಮ್ಮ ಕೆರೆ ಸೇರ್ತಿದೆ ಅಂತ ಚಿಕ್ಕತುಮಕೂರು, ದೊಡ್ಡತುಮಕೂರು, ಮಜರಾಹೊಸಹಳ್ಳಿಯ ಜನ ವರ್ಷಗಳಿಂದ ಹೋರಾಡ್ತಿದ್ದಾರೆ. ಏರಿ ಮೇಲೆ ನೊರೆಯೋ ವಾಸನೆಯೋ ಬಂದ್ರೆ ಮೂಗು ಮುಚ್ಚಿ ಸ್ಪೀಡ್ ಏರಿಸಬೇಡಿ. ಎರಡು ನಿಮಿಷ ನಿಲ್ಲಿ. ಇದೂ ಈ ಪ್ರವಾಸದ ಭಾಗವೇ.

ಮೂರನೇ ಭಾನುವಾರ ಕೆಳಕ್ಕೆ, ತಿಪ್ಪಗೊಂಡನಹಳ್ಳಿ ಮತ್ತು ಮಂಚನಬೆಲೆ. ಯಶವಂತಪುರ ಕಡೆಯವರಿಗೆ ಇದು ಹತ್ತಿರ. ಹೆಸರಘಟ್ಟ ಕೈ ಕೊಟ್ಟ ಮೇಲೆ ಊರಿನ ದಾಹಕ್ಕೆ 1933ರಲ್ಲಿ ಕಟ್ಟಿದ್ದು ತಿಪ್ಪಗೊಂಡನಹಳ್ಳಿ ಜಲಾಶಯ. ಶಿವಗಂಗೆಯಿಂದ ಬರೋ ಕುಮುದ್ವತಿ ಇಲ್ಲಿ ಅರ್ಕಾವತಿಗೆ ಸೇರುತ್ತೆ. ಅದೂ ಸಾಲದೆ 1974ರಲ್ಲಿ ಕಾವೇರಿ ಬಂತು. ಇವತ್ತು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಎತ್ತಿದ ನೀರು ನಮ್ಮ ನಲ್ಲಿಗೆ ಬರುತ್ತೆ. ನಂದಿ ಹತ್ತುವಾಗ ಬೆವರಿದ್ದು ನೆನಪಿದ್ರೆ 500 ಮೀಟರ್ ಅಂದ್ರೇನು ಅಂತ ಬೇರೆ ಹೇಳಬೇಕಿಲ್ಲ. ಮನೆ ಪಕ್ಕದ ನದಿಯನ್ನ ಕುಡಿದು ಮುಗಿಸಿ, ದೂರದ ನದಿಗೆ ಪೈಪ್ ಹಾಕಿದ ಊರು ನಮ್ಮದು. ಅದರ ಬೆಲೆಯನ್ನ ಈ ಕಣಿವೆಯ ಹಳ್ಳಿಗಳು ಇನ್ನೂ ಕಟ್ತಾ ಇವೆ.

ಮಂಚನಬೆಲೆಯಲ್ಲಿ ಎಷ್ಟೇ ಸೆಖೆಯಾದ್ರೂ ನೀರಿಗಿಳಿಯಬೇಡಿ. ಈಜು ಬಲ್ಲವರನ್ನೂ ಅಲ್ಲಿನ ನೀರು ಬಿಟ್ಟಿಲ್ಲ.

ಇನ್ನು ಸಣ್ಣ ಪುಟ್ಟ ಮಾತು. ಒಂದು ಟ್ಯೂಬ್, ಪಂಪು, ಪಂಕ್ಚರ್ ಕಿಟ್ ಜೊತೆಗಿರಲಿ, ಹಳ್ಳಿಯಲ್ಲಿ ಬೆಳಗ್ಗೆ ಏಳಕ್ಕೆಲ್ಲ ಅಂಗಡಿ ತೆಗೆದಿರಲ್ಲ. ನಾಯಿ ಅಟ್ಟಿಸಿಕೊಂಡು ಬಂದ್ರೆ ಇಳಿದು, ಸೈಕಲ್ ನಡುವೆ ಇಟ್ಕೊಂಡು ನಡೀರಿ. ರಸ್ತೆ ಮೇಲೆ ರಾಗಿ ಒಕ್ಕಣೆ ನಡೀತಿದ್ರೆ ಕೇಳಿ ದಾಟಿ. ತಿಂಡಿ ಬ್ಯಾಗಲ್ಲಿ ಕಟ್ಕೊಂಡು ಹೋಗೋದಕ್ಕಿಂತ ಊರಿನ ಹೋಟ್ಲಲ್ಲಿ ತಿನ್ನಿ. ನಾಲ್ಕು ಕಾಸು ಅಲ್ಲಿ ಉಳಿಯುತ್ತೆ, ನಾಲ್ಕು ಮಾತು ನಿಮಗೆ ಸಿಗುತ್ತೆ.

“ಬತ್ತಿರೋ ನದಿ ನೋಡೋಕೆ ಯಾಕ್ರೀ ಹೋಗ್ಬೇಕು?” ಅಂತ ಗೆಳೆಯನೊಬ್ಬ ಕೇಳ್ತಾನೆ. ಪೂರ್ತಿ ಬತ್ತಿಲ್ಲ, ಅದಕ್ಕೇ. 2022ರ ಮಳೆಗೆ ಹೆಸರಘಟ್ಟ ಕೆರೆ ಎಷ್ಟೋ ವರ್ಷಗಳ ನಂತರ ತುಂಬಿತ್ತು. ನೀರು ನೋಡೋಕೆ ಜನ ಸಂಸಾರ ಸಮೇತ ಬಂದರು. ದಾರಿ ಬಿಟ್ಟರೆ ನದಿ ಬರುತ್ತೆ. ದಾರಿ ಬಿಡಬೇಕು ಅಂತ ಕೇಳೋರು ಬೇಕು, ಕೇಳಬೇಕಾದ್ರೆ ಆ ದಾರಿ ಯಾವುದು ಅಂತ ಗೊತ್ತಿರಬೇಕು.

ಅದಕ್ಕೆ ಒಂದು ಕೆಲಸ ಮಾಡಿ. ಈ ಕಣಿವೆಯಲ್ಲಿ ನಿಮಗಿಷ್ಟವಾದ ಒಂದು ಮೋರಿಯನ್ನೋ ಕೋಡಿಯನ್ನೋ ಗುರುತು ಮಾಡ್ಕೊಳ್ಳಿ. ಅಕ್ಟೋಬರ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಅಲ್ಲಿಗೆ ಸೈಕಲ್ ಹೊಡೀರಿ, ಅದೇ ಜಾಗದಲ್ಲಿ ನಿಂತು ಫೋಟೋ ತೆಗೀರಿ. ಪ್ರತಿ ವರ್ಷ. ನಂದಿ ಹತ್ತಿದ ಟೈಮಿಂಗ್ ಜೊತೆಗೆ ಇದೊಂದು ಲೆಕ್ಕವೂ ನಿಮ್ಮ ಫೋನಿನಲ್ಲಿರಲಿ.